ಆಡಿದಾತ, ಆಡಿಸಿದಾತ

ಆಡುವುದು ಒಂದು ವಿದ್ಯೆ, ಆಡಿಸುವುದು ಇನ್ನೊಂದು. ಮೊದಲನೆಯದರಲ್ಲಿ ಹೆಸರು ಪಡೆದವರೆಲ್ಲ ಎರಡನೆಯದರಲ್ಲಿ ಗೆಲ್ಲುವರೆಂದಿಲ್ಲ. ನಮ್ಮ ದೇಶದ ಕಾಲ್ಚೆಂಡಾಟದ ಚರಿತ್ರೆಯಲ್ಲಿ ಎರಡನ್ನೂ ಸಾಧಿಸಿದ ಮಹನೀಯರಲ್ಲಿ ಪ್ರದೀಪ್ ಕುಮಾರ್ ಬ್ಯಾನರ್ಜಿಯವರು ಅಗ್ರಗಣ್ಯರು. ನೌಕರಿಗಾಗಿ ಊರು ಬಿಟ್ಟು ಬಂದ ನಮ್ಮಂಥವರು ಅವರ ಬಾಳನ್ನು ಅರಿತುಕೊಳ್ಳುವುದು ಉಚಿತ.

ಬಂಗಾಳದ ಜಲಪೈಗುರಿಯಲ್ಲಿ 1936ರಲ್ಲಿ ಹುಟ್ಟಿದ ಪಿ. ಕೆ. ಬೆಳೆದದ್ದು ಉಕ್ಕಿನ ಊರಾದ ಜಮಶೇಡಪುರದಲ್ಲಿ. ಹದಿಹರೆಯದಲ್ಲೇ ಬಿಹಾರದ ಪರವಾಗಿ ಸಂತೋಷ್ ಟ್ರೋಫಿ ಪಂದ್ಯಗಳಲ್ಲಿ ಆಡಿದರು. 1954ರಲ್ಲಿ ಕಲಕತ್ತೆಗೆ ಬಂದು ಆರ್ಯನ್ ಕ್ಲಬ್ಬನ್ನು ಸೇರಿ, ಮರುವರ್ಷ ಈಸ್ಟರ್ನ್ ರೈಲ್ವೆ ತಂಡಕ್ಕೆ ಹೋದರು. ಆಟವೊಂದನ್ನೇ ನಂಬಿ ಸಂಸಾರ ಹೂಡುವ ಕಾಲ ಅದಲ್ಲ. ಒಳ್ಳೆಯ ಆಟಗಾರನಿಗೂ ತಿಂಗಳ ಸಂಬಳದ ನೌಕರಿಯೇ ಆಧಾರವಾಗಿತ್ತು. ಮೋಹನ್ ಬಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್ ಎಂಬ ಮೂರು ದೊಡ್ಡ ಕ್ಲಬ್ಬುಗಳಿದ್ದ ಊರಿನಲ್ಲಿದ್ದೂ ಅವರು ಕೊನೆಯವರೆಗೆ ರೈಲ್ವೆಯವರಾಗಿಯೇ ಆಡಿದರು. 1958ರಲ್ಲಿ ರೈಲ್ವೆ ತಂಡ ಕಲಕತ್ತೆ ಲೀಗನ್ನು ಗೆದ್ದಿತು. ಆ ಮೂವರ ಹೊರಗಿನ ಇನ್ನೊಂದು ತಂಡ ಆ ಪ್ರಶಸ್ತಿಯನ್ನು ಮುಟ್ಟಲು 2019ರವರೆಗೆ ಕಾಯಬೇಕಾಯಿತೆಂದರೆ ಆ ಜಯದ ಬೆಲೆ ತಿಳಿದೀತು.

ದೇಶದ ತಂಡದಲ್ಲಿ ಬಲಗಡೆಯ ವಿಂಗ್ ಅವರ ಸ್ಥಾನ. 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ನಾಲ್ಕನೆಯ ಸ್ಥಾನ ದೊರೆಯಿತು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರೇ ನಾಯಕರು. ಫ್ರಾನ್ಸಿನೊಡನೆ 1-1ರಲ್ಲಿ ಸಮವಾದ ಪಂದ್ಯದಲ್ಲಿ ಭಾರತದ ಗೋಲು ಅವರದೇ. ಈ ಎರಡು ಒಲಿಂಪಿಕ್ಸ್‌ಗಳಲ್ಲಿಯೂ ಅವರ ಜೊತೆಗಾರರಾಗಿದ್ದವರು ನಮ್ಮ ಮೈಸೂರು ಸೀಮೆಯ ಕೆಂಪಯ್ಯನವರು ಎಂಬುದು ಕನ್ನಡಿಗರು ಮರೆಯಬಾರದ ಮಾತು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ದಕ್ಷಿಣ ಕೊರಿಯದ ಮೇಲೆ ಭಾರತ 2-1ರಿಂದ ಗೆದ್ದಿತು; ಮೊದಲ ಗೋಲು ಪಿ. ಕೆ. ಅವರದು. ಆ ತಂಡದ ಗುರು ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಂ. ಆಡಿಸುವ ವಿದ್ಯೆ ಎಷ್ಟು ದೊಡ್ಡದೆಂಬುದನ್ನು ಪಿ. ಕೆ. ಅಂಥ ಗುರುವಿನ ಕೈಕೆಳಗೆ ಕಂಡರು.

1967ರಲ್ಲಿ ಆಟದಿಂದ ನಿವೃತ್ತರಾದ ಮೇಲೆ ತರಬೇತಿಯತ್ತ ತಿರುಗಿದರು. 1970ರಲ್ಲಿ ಬ್ಯಾಂಕಾಕಿನ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದ ತಂಡಕ್ಕೆ ಜಿ. ಎಂ. ಎಚ್. ಬಾಷಾ ಅವರೊಡನೆ ತರಬೇತುದಾರರಾಗಿದ್ದರು. 1972ರಲ್ಲಿ ಈಸ್ಟ್ ಬೆಂಗಾಲ್ ಅವರನ್ನು ಕರೆಯಿತು. ದೇಶ ವಿಭಜನೆಯಲ್ಲಿ ಮನೆಮಾರು ಕಳೆದುಕೊಂಡು ಬಂದ ಲಕ್ಷಾಂತರ ಜನರಿಗೆ ಆ ಕ್ಲಬ್ಬು ಬರಿಯ ಆಟದ ಸಂಘವಾಗಿರಲಿಲ್ಲ. ಬಿಟ್ಟುಬಂದ ಊರಿನ ಹೆಸರೇ ಅದಾಗಿತ್ತು. ಪರಸ್ಥಳದಲ್ಲಿ ಕನ್ನಡ ಸಂಘವನ್ನು ಕಟ್ಟಿಕೊಂಡ ನಮಗೆ ಆ ಭಾವ ಹೊಸದಲ್ಲ. ಆ ಜನರ ಆಸೆಯ ಭಾರವನ್ನು ಹೊರುವುದು ಚೆಂಡನ್ನು ಒದೆಯುವುದಕ್ಕಿಂತ ಕಷ್ಟದ ಕೆಲಸ.

ಈಸ್ಟ್ ಬೆಂಗಾಲ್ 1970ರಿಂದ 1975ರವರೆಗೆ ಸತತವಾಗಿ ಆರು ಬಾರಿ ಲೀಗನ್ನು ಗೆದ್ದಿತು. ಕೊನೆಯ ನಾಲ್ಕು ಪಿ. ಕೆ. ಅವರ ಕಾಲದವು. 1975ರ ಐ. ಎಫ್. ಎ. ಷೀಲ್ಡ್ ಅಂತಿಮ ಪಂದ್ಯದಲ್ಲಿ ಮೋಹನ್ ಬಗಾನನ್ನು 5-0ರಿಂದ ಸೋಲಿಸಿತು. ಮರುವರ್ಷವೇ ಪಿ. ಕೆ. ಸೋತವರ ಪಾಳೆಯಕ್ಕೆ ಗುರುವಾಗಿ ಹೋದರು! 1977ರಲ್ಲಿ ಪೆಲೆ ಆಡಿದ ಕಾಸ್ಮಾಸ್ ತಂಡದೊಡನೆ ಮೋಹನ್ ಬಗಾನ್ 2-2ರಲ್ಲಿ ಸಮ ಮಾಡಿಕೊಂಡಿತು. ಅದೇ ವರ್ಷ ಷೀಲ್ಡ್, ಡ್ಯುರಾಂಡ್, ರೋವರ್ಸ್ ಮೂರನ್ನೂ ಗೆದ್ದಿತು. ಮುಂಬಯಿಯ ಆ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದು ಭಾರತೀಯ ನಾಗರಿಕ ತಂಡಗಳಿಗೆ ದಾರಿ ತೋರಿದವರು ಬೆಂಗಳೂರು ಮುಸ್ಲಿಮ್ಸ್ ಎಂಬುದನ್ನು ಇಲ್ಲಿ ನೆನೆಯಬಹುದು.

ಪಂದ್ಯಕ್ಕೆ ಮುನ್ನ ಆಟಗಾರರಿಗೆ ಅವರು ಹೇಳುತ್ತಿದ್ದ ಹುರಿದುಂಬಿಸುವ ಮಾತುಗಳಿಗೆ ಕಲಕತ್ತೆಯ ಜನ 'ವೋಕಲ್ ಟಾನಿಕ್' ಎಂದು ಹೆಸರಿಟ್ಟಿದ್ದರು. 1997ರ ಫೆಡರೇಶನ್ ಕಪ್ ಸೆಮಿಫೈನಲ್‌ನಲ್ಲಿ, ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ 1,30,000ಕ್ಕೂ ಹೆಚ್ಚು ಜನರ ಮುಂದೆ, ಅವರ ಈಸ್ಟ್ ಬೆಂಗಾಲ್ ಮೋಹನ್ ಬಗಾನನ್ನು 4-1ರಿಂದ ಸೋಲಿಸಿದಾಗ ಅವರಿಗೆ ಅರವತ್ತು ದಾಟಿತ್ತು.

1961ರಲ್ಲಿ ಅರ್ಜುನ, 1990ರಲ್ಲಿ ಪದ್ಮಶ್ರೀ ಪ್ರಶಸ್ತಿಗಳು ಅವರಿಗೆ ಸಂದವು. 2020ರ ಮಾರ್ಚ್ 20ರಂದು ಅವರು ಕಾಲವಾದರು. ಯಾವ ಎರಡು ಕ್ಲಬ್ಬುಗಳ ಅಂಗಿಯನ್ನು ಆಟಗಾರರಾಗಿ ಒಮ್ಮೆಯೂ ತೊಡಲಿಲ್ಲವೋ, ಆ ಎರಡೂ ಕ್ಲಬ್ಬುಗಳವರು ಅವರನ್ನು ತಮ್ಮವರೆಂದರು. ಹುಟ್ಟಿದ ಮನೆ ಯಾವುದಾದರೇನು, ದುಡಿದ ಮನೆಯವರು 'ನಮ್ಮವ' ಎನ್ನುವಂತೆ ಬಾಳುವುದೇ ದೊಡ್ಡದು.