ಉಪವಾಸ: ಕಲಬುರಗಿ, ಕಮಲಾಪುರ

ಏಕಾದಶಿ, ಮಹಾಶಿವರಾತ್ರಿ, ಶ್ರಾವಣ ಸೋಮವಾರಗಳಂದು ಕಲಬುರಗಿ ನಗರ ಹಾಗೂ ಕಮಲಾಪುರದ ಹಿಂದೂ ಮನೆಗಳಲ್ಲಿ ಹಿಡಿಯುವ ವ್ರತ. ಹಸಿದಿರುವುದಕ್ಕಿಂತ ಧಾನ್ಯ ಬಿಡುವುದೇ ಇಲ್ಲಿ ಮುಖ್ಯ. ಬಿಡುವುದಾದರೂ ಜೋಳದ ರೊಟ್ಟಿ, ತೊಗರಿಬೇಳೆ, ಅಂದರೆ ಈ ನೆಲದ ನಿತ್ಯದ ಊಟವನ್ನೇ. ಆ ಜಾಗಕ್ಕೆ ಸಾಬುದಾನಿ ಖಿಚಡಿ, ಶೇಂಗಾ, ಹಾಲು, ಹಣ್ಣು ಬರುತ್ತವೆ. ಹಣ್ಣೆಂದರೆ ಕಮಲಾಪುರದ ಕೆಂಪು ಬಾಳೆಯೂ ಸೇರಿತು. ಹೊಟ್ಟೆತುಂಬ ಖಿಚಡಿ ತಿಂದರೆ ಅದೆಂಥ ಉಪವಾಸ ಎಂಬ ಆಕ್ಷೇಪ ಹುರುಳಿಲ್ಲದ್ದೇನಲ್ಲ. ಆದರೆ ಸಾಬುದಾನಿಯ ಮೂಲವಾದ ಮರಗೆಣಸು, ಖಿಚಡಿಗೆ ಬೀಳುವ ಶೇಂಗಾ, ಆಲೂಗಡ್ಡೆ ಮೂರೂ ಯುರೋಪಿಯನ್ನರ ಹಡಗುಗಳ ಕಾಲದಲ್ಲಿ ದಕ್ಷಿಣ ಅಮೆರಿಕದಿಂದ ಬಂದವು. ಅದಕ್ಕೂ ಹಳೆಯ ನಿಷೇಧಗಳಲ್ಲಿ ಅವುಗಳ ಹೆಸರು ಇರುವುದು ಸಾಧ್ಯವೇ ಇರಲಿಲ್ಲ. ಬೆಳೆ ಬದಲಾದಂತೆ ಫಲಾಹಾರವೂ ಹಿಗ್ಗಿತು.

ಶರಣರ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ದಿನ, ವಾರ ನೋಡಿ ಹಿಡಿಯುವ ವ್ರತಗಳನ್ನು 12ನೆಯ ಶತಮಾನದ ವಚನಕಾರರು ಒಪ್ಪಲಿಲ್ಲ. ಹಾಗಿದ್ದೂ ಅದೇ ಪರಂಪರೆಯ, ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರ ಗುಡಿಯಿರುವ ಕಲಬುರಗಿಯಲ್ಲೇ ಶ್ರಾವಣ ಸೋಮವಾರ ಒಪ್ಪತ್ತು ಮಾಡುವವರಿದ್ದಾರೆ. ಒಪ್ಪತ್ತಿನಲ್ಲಿ ಊಟ ತಡವಾದೀತು, ತಪ್ಪದು. ಅನ್ನ ಹಂಚುವ ದಾಸೋಹದೊಂದಿಗೆ ಅದು ಹೊಂದಿಕೊಂಡದ್ದು ಬಹುಶಃ ಇದರಿಂದಲೇ. ಮಾಧ್ವ ಮನೆಗಳ ಏಕಾದಶಿ ಮಾತ್ರ ಬೇರೆ: ಕಟ್ಟುನಿಟ್ಟಿನವರು ನೀರನ್ನೂ ಮುಟ್ಟದೆ ದ್ವಾದಶಿಯ ಬೆಳಿಗ್ಗೆ ಪಾರಣೆ ಮಾಡುತ್ತಾರೆ.