ಬಂದರಿನ ಭಾಗ್ಯ, ಒಳನಾಡಿನ ಋಣ: ದಾರ್ ಎಸ್ ಸಲಾಮ್ ಮತ್ತು ಪೂರ್ವ ಆಫ್ರಿಕಾದ ದಾರಿಗಳ ಪೈಪೋಟಿ

ಪೀಠಿಕೆ

ಹಿಂದೂ ಮಹಾಸಾಗರದ ಪಶ್ಚಿಮ ದಂಡೆಯಲ್ಲಿರುವ ತಾಂಜಾನಿಯಾದ ದಾರ್ ಎಸ್ ಸಲಾಮ್ ನಗರದಲ್ಲಿ 1967ರ ಜನಗಣತಿಯ ಹೊತ್ತಿಗೆ ಮೂರು ಲಕ್ಷ ಜನರೂ ಇರಲಿಲ್ಲ. 2012ರಲ್ಲಿ ಆ ಸಂಖ್ಯೆ 43 ಲಕ್ಷವನ್ನೂ 2022ರಲ್ಲಿ 53 ಲಕ್ಷವನ್ನೂ ದಾಟಿತು. 2030ರ ದಶಕದಲ್ಲಿ ಅದು ಒಂದು ಕೋಟಿ ಮುಟ್ಟುತ್ತದೆಂಬುದು ವಿಶ್ವಸಂಸ್ಥೆಯ ಅಂದಾಜು. ಆಫ್ರಿಕಾದಲ್ಲಿ ಅತಿ ವೇಗವಾಗಿ ಬೆಳೆಯುತ್ತಿರುವ ನಗರಗಳ ಸಾಲಿನಲ್ಲಿ ಅದರ ಹೆಸರು ತಪ್ಪದೆ ಬರುತ್ತದೆ.

ಈ ಬೆಳವಣಿಗೆಯ ಮೂಲ ಎಲ್ಲಿದೆ? ಸಾಮಾನ್ಯವಾಗಿ ಸಿಗುವ ಉತ್ತರ, ಅಲ್ಲಿನ ಸಹಜ ಬಂದರು. ಬಂದರು ಒಳ್ಳೆಯದೇ. ಕಿರಿದಾದ ಬಾಯಿ ದಾಟಿ ಒಳಬಂದರೆ ನೆಲ ಸುತ್ತುವರಿದ ಶಾಂತ ಹಿನ್ನೀರು, ಅಲೆಯ ಹೊಡೆತವಿಲ್ಲ. ಆದರೆ ಆ ನೀರು ಸಾವಿರಾರು ವರ್ಷಗಳಿಂದ ಅಲ್ಲೇ ಇತ್ತು. ನಗರ ಹುಟ್ಟಿದ್ದು 160 ವರ್ಷಗಳ ಈಚೆಗೆ. ಅದು ಏರಿದ್ದೂ ಇಳಿದದ್ದೂ ನೂರಾರು ಮೈಲಿ ಒಳಗಿನ ನೆಲದಲ್ಲಿ ನಡೆದ ತೀರ್ಮಾನಗಳಿಂದ. ಸಮುದ್ರವಿಲ್ಲದ ಉಗಾಂಡಾ, ರುವಾಂಡಾ, ಬುರುಂಡಿ, ಜಾಂಬಿಯಾ ಮತ್ತು ಕಾಂಗೊದ ಪೂರ್ವ ಭಾಗ ತಮ್ಮ ಸರಕನ್ನು ಯಾವ ದಡಕ್ಕೆ ಕಳಿಸಿದವು ಎಂಬುದೇ ಈ ನಗರದ ಚರಿತ್ರೆಯ ಬೆನ್ನೆಲುಬು. ಉತ್ತರದಲ್ಲಿ ಕೀನ್ಯಾದ ಮೊಂಬಾಸಾ ಬಂದರಿನೊಡನೆ ಅದಕ್ಕಿರುವ ದೀರ್ಘ ಪೈಪೋಟಿಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸುಲ್ತಾನನ ಕನಸು, ಬಗಮೊಯೊದ ಬಲ

ಮೊದಲಿಗೆ ಅಲ್ಲಿದ್ದದ್ದು ಮ್ಜಿಜಿಮಾ ಎಂಬ ಮೀನುಗಾರರ ಹಳ್ಳಿ. ಜಾಂಜಿಬಾರಿನ ಸುಲ್ತಾನ ಮಜೀದ್ ಬಿನ್ ಸಯೀದ್ 1860ರ ದಶಕದಲ್ಲಿ ಅದರ ಪಕ್ಕದಲ್ಲಿ ಅರಮನೆ ಕಟ್ಟಿಸಿ, ತೆಂಗಿನ ತೋಟಗಳನ್ನು ಹಾಕಿಸಿ, ಹೊಸ ಊರಿಗೆ ಶಾಂತಿಯ ನೆಲೆ ಎಂಬರ್ಥದ ಹೆಸರಿಟ್ಟ. ದ್ವೀಪದಲ್ಲಿ ಕುಳಿತು ಆಳುವ ಬದಲು ಮುಖ್ಯಭೂಮಿಯ ವ್ಯಾಪಾರವನ್ನು ನೇರವಾಗಿ ಹಿಡಿಯುವುದು ಅವನ ಉದ್ದೇಶವಾಗಿತ್ತು.

ವ್ಯಾಪಾರ ಮಾತ್ರ ಅವನ ಮಾತು ಕೇಳಲಿಲ್ಲ. ಟಬೋರಾ ಮತ್ತು ಟಾಂಗನೀಕಾ ಸರೋವರದ ಕಡೆಯಿಂದ ದಂತ ಹೊತ್ತು ಬರುತ್ತಿದ್ದ ನ್ಯಾಮ್ವೇಜಿ ಹೊರೆಯಾಳುಗಳ ಹಳೆಯ ದಾರಿ ಉತ್ತರದ ಬಗಮೊಯೊ ಪಟ್ಟಣದಲ್ಲಿ ಮುಗಿಯುತ್ತಿತ್ತು. ಬಗಮೊಯೊದ ಕಡಲು ಆಳವಿಲ್ಲದ್ದು. ಹಾಯಿಹಡಗುಗಳನ್ನು ಮರಳಿಗೆ ಎಳೆದು ಸರಕು ಇಳಿಸಬೇಕಿತ್ತು. ಆದರೂ ದಲ್ಲಾಳಿ, ಸಾಲ ಕೊಡುವವ, ಬಟ್ಟೆ ಮತ್ತು ಮಣಿಯ ವರ್ತಕ ಎಲ್ಲರೂ ಅಲ್ಲೇ ಇದ್ದುದರಿಂದ ಹೊರೆಯಾಳುಗಳೂ ಅಲ್ಲಿಗೇ ಇಳಿದರು. 1870ರಲ್ಲಿ ಮಜೀದ್ ತೀರಿಕೊಂಡ. ಅವನ ತಮ್ಮ ಬರ್ಗಶ್ ಹೊಸ ಊರಿನಲ್ಲಿ ಆಸಕ್ತಿ ತೋರಲಿಲ್ಲ. ಬ್ರಿಟಿಷ್ ಇಂಡಿಯಾ ಹಡಗು ಕಂಪನಿಯ ಒಡೆಯ ವಿಲಿಯಂ ಮ್ಯಾಕಿನ್ನನ್ 1877ರಲ್ಲಿ ಇಲ್ಲಿಂದ ಒಳನಾಡಿಗೆ ರಸ್ತೆ ಹಾಕಿಸಲು ತೊಡಗಿದ. ನೂರು ಕಿಲೋಮೀಟರಿಗಿಂತ ತುಸು ಮುಂದೆ ಹೋಗುವಷ್ಟರಲ್ಲಿ ಆ ಕೆಲಸವೂ ಕೈಬಿಟ್ಟುಹೋಯಿತು. ಆಳ ನೀರಿನ ಬಂದರು ಪಾಳುಬಿದ್ದಿತ್ತು, ಆಳವಿಲ್ಲದ ಬಗಮೊಯೊ ಮೆರೆಯುತ್ತಿತ್ತು. ನಮ್ಮ ವಾದಕ್ಕೆ ಇದೇ ಮೊದಲ ಸಾಕ್ಷಿ.

ಎರಡು ಸಾಮ್ರಾಜ್ಯಗಳ ಎರಡು ಹಳಿಗಳು

ಆ ಬಳಿಕ ಈ ನೆಲವನ್ನು ವಸಾಹತು ಮಾಡಿಕೊಂಡ ಜರ್ಮನರು 1891ರಲ್ಲಿ ಅದರ ರಾಜಧಾನಿಯನ್ನು ಬಗಮೊಯೊದಿಂದ ದಾರ್ ಎಸ್ ಸಲಾಮ್‌ಗೆ ತಂದರು. ಉಗಿಹಡಗಿಗೆ ಆಳ ನೀರು ಬೇಕಿತ್ತು. ರಾಜಧಾನಿ ಬಂತು, ಕಚೇರಿಗಳು ಬಂದವು. ಆದರೆ ರೈಲಿನ ಕೆಲಸ ಶುರುವಾಗಲು ಇನ್ನೂ ಹದಿನಾಲ್ಕು ವರ್ಷ ಬೇಕಾಯಿತು.

ಅಷ್ಟರಲ್ಲಿ ಬ್ರಿಟಿಷರು ಮೊಂಬಾಸಾದಿಂದ 1896ರಲ್ಲಿ ಉಗಾಂಡಾ ರೈಲ್ವೆಯ ಕೆಲಸ ತೊಡಗಿದ್ದರು. 1899ರಲ್ಲಿ ಅದು ನೈರೋಬಿಯನ್ನೂ 1901ರ ಕೊನೆಯಲ್ಲಿ ವಿಕ್ಟೋರಿಯಾ ಸರೋವರದ ದಂಡೆಯ ಇಂದಿನ ಕಿಸುಮುವನ್ನೂ ಮುಟ್ಟಿತು. ಅದಕ್ಕಾಗಿ ಬ್ರಿಟಿಷ್ ಭಾರತದಿಂದ ಕರಾರಿನ ಮೇಲೆ ಸುಮಾರು 32,000 ಕೂಲಿಗಳನ್ನು ಸಾಗಿಸಲಾಯಿತು. ಅವರಲ್ಲಿ ಸುಮಾರು 2,500 ಮಂದಿ ಅಲ್ಲೇ ಪ್ರಾಣಬಿಟ್ಟರು. ಅವರು ಹಾಸಿದ್ದು ನಮ್ಮ ನಾಡಿನ ಹಿರಿಯರಿಗೂ ಚೆನ್ನಾಗಿ ಪರಿಚಯವಿದ್ದ ಮೀಟರ್ ಗೇಜ್ ಹಳಿ. ಅದೇ ಕಾಲದಲ್ಲಿ ಪೂರ್ವ ಆಫ್ರಿಕಾದ ಕರಾವಳಿಗೆ ಮಂಗಳೂರು ಹೆಂಚು ಕೂಡ ಹಡಗೇರಿ ಹೋಗುತ್ತಿತ್ತು. ಎರಡು ದಂಡೆಗಳ ನಡುವೆ ಸರಕಿನ ಜೊತೆಗೆ ದುಡಿಯುವ ಕೈಗಳೂ ದಾಟಿದ್ದವು.

ಈ ಹಳಿಯ ಪರಿಣಾಮ ಜರ್ಮನ್ ಗಡಿಯೊಳಗೂ ಕಾಣಿಸಿತು. ಸರೋವರದ ದಕ್ಷಿಣ ದಂಡೆಯ ಮ್ವಾಂಜಾ ಜರ್ಮನರ ಊರು. ಆದರೆ ಅಲ್ಲಿನ ಚರ್ಮ, ಶೇಂಗಾ ದೋಣಿಯಲ್ಲಿ ಕಿಸುಮುವಿಗೆ ಹೋಗಿ, ಬ್ರಿಟಿಷರ ರೈಲು ಹತ್ತಿ, ಮೊಂಬಾಸಾದಲ್ಲಿ ಕಡಲು ಸೇರತೊಡಗಿದವು. ದಾರ್ ಎಸ್ ಸಲಾಮ್‌ನ ಮಧ್ಯ ರೈಲುಮಾರ್ಗ ಶುರುವಾದದ್ದು 1905ರಲ್ಲಿ. 1907ಕ್ಕೆ ಮೊರೊಗೊರೊ, 1912ಕ್ಕೆ ಟಬೋರಾ, 1914ಕ್ಕೆ ಟಾಂಗನೀಕಾ ಸರೋವರದ ಕಿಗೊಮಾ ತಲುಪಿತು. ಅದೇ ವರ್ಷ ಮಹಾಯುದ್ಧ ಬಂತು. 1916ರ ಸೆಪ್ಟೆಂಬರಿನಲ್ಲಿ ನಗರ ಬ್ರಿಟಿಷರ ಕೈಸೇರಿತು.

ಯುದ್ಧಾನಂತರದ ಒಂದು ಒಪ್ಪಂದ ಇಲ್ಲಿ ಗಮನಾರ್ಹ. ರುವಾಂಡಾ-ಉರುಂಡಿ ಮತ್ತು ಕಾಂಗೊವನ್ನು ಆಳುತ್ತಿದ್ದ ಬೆಲ್ಜಿಯಂ 1921ರಲ್ಲಿ ದಾರ್ ಎಸ್ ಸಲಾಮ್ ಮತ್ತು ಕಿಗೊಮಾದಲ್ಲಿ ತನ್ನದೇ ದಕ್ಕೆಗಳನ್ನು ವರ್ಷಕ್ಕೆ ಒಂದು ಫ್ರಾಂಕ್ ಬಾಡಿಗೆಗೆ ಪಡೆಯಿತು. ಬೆಲ್‌ಬೇಸ್ ಎಂದೇ ಅವು ಹೆಸರಾದವು. ಒಳನಾಡಿನ ಪಾಲು ಈ ಬಂದರಿನಲ್ಲಿ ಎಷ್ಟು ಹಳೆಯದು ಎಂಬುದಕ್ಕೆ ಆ ಒಂದು ಫ್ರಾಂಕ್ ದಾಖಲೆ.

ಒಂದೇ ಆಡಳಿತ, ಎರಡು ಅಸಮಾಧಾನ

ಎರಡೂ ಬಂದರುಗಳು ಬ್ರಿಟಿಷರ ಕೈಗೆ ಬಂದ ಮೇಲೆ ಪೈಪೋಟಿ ಮುಗಿಯಬೇಕಿತ್ತು. 1948ರಲ್ಲಿ ರೈಲು-ಬಂದರುಗಳೆಲ್ಲ ಒಂದೇ ಸಂಸ್ಥೆಯಡಿ ಸೇರಿದವು. ಆದರೆ ಅದರ ಕೇಂದ್ರ ಕಚೇರಿ ನೈರೋಬಿಯಲ್ಲಿತ್ತು. ಕಾರ್ಖಾನೆ, ಬ್ಯಾಂಕು, ವಿಮೆ ಎಲ್ಲವೂ ಕೀನ್ಯಾದಲ್ಲೇ ನೆಲೆಯೂರಿದವು. ತಾಂಜಾನಿಯಾದವರ ಮನಸ್ಸಿನಲ್ಲಿ ಈ ನೋವು ಸ್ವಾತಂತ್ರ್ಯದ ನಂತರವೂ ಉಳಿಯಿತು.

ಮೇಲಿನವರು ಹೀಗೆ ಕಚೇರಿಗಳ ಲೆಕ್ಕದಲ್ಲಿದ್ದಾಗ ದಕ್ಕೆಯ ಮೇಲಿನ ಹಮಾಲರ ಬದುಕು ಎರಡೂ ಕಡೆ ಒಂದೇ ತೆರನಾಗಿತ್ತು. 1947ರ ಜನವರಿಯಲ್ಲಿ ಮೊಂಬಾಸಾ ಸಾರ್ವತ್ರಿಕ ಮುಷ್ಕರ ಕಂಡಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ದಾರ್ ಎಸ್ ಸಲಾಮ್‌ನ ದಕ್ಕೆ ಕಾರ್ಮಿಕರು ಕೆಲಸ ನಿಲ್ಲಿಸಿದರು. ಮುಷ್ಕರ ರೈಲುಮಾರ್ಗದುದ್ದಕ್ಕೂ ಒಳನಾಡಿಗೆ ಹಬ್ಬಿತು. ಎರಡನೆಯ ಮಹಾಯುದ್ಧದ ನಂತರ ಬೆಲೆ ಏರಿತ್ತು, ಕೂಲಿ ಏರಿರಲಿಲ್ಲ. ಬಂದರುಗಳ ಪೈಪೋಟಿಯ ಕಥೆಯಲ್ಲಿ ಈ ಸಮಾನ ದುಃಖವನ್ನು ಬಿಟ್ಟರೆ ಚರಿತ್ರೆ ಅರ್ಧವಾಗುತ್ತದೆ.

1967ರಲ್ಲಿ ಕೀನ್ಯಾ, ಉಗಾಂಡಾ, ತಾಂಜಾನಿಯಾ ಸೇರಿ ಪೂರ್ವ ಆಫ್ರಿಕಾ ಸಮುದಾಯವನ್ನು ಕಟ್ಟಿದವು. ಹಂಚಿಕೆ ಎಚ್ಚರದಿಂದ ನಡೆಯಿತು: ಸಮುದಾಯದ ಕೇಂದ್ರ ಅರುಷಾಕ್ಕೆ, ಬಂದರು ನಿಗಮ ದಾರ್ ಎಸ್ ಸಲಾಮ್‌ಗೆ, ರೈಲ್ವೆ ಮತ್ತು ವಿಮಾನ ನೈರೋಬಿಗೆ, ಅಂಚೆ ಕಂಪಾಲಾಕ್ಕೆ. ಆದರೆ ಅದೇ ವರ್ಷ ತಾಂಜಾನಿಯಾದ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಅರುಷಾ ಘೋಷಣೆಯ ಮೂಲಕ ಸಮಾಜವಾದದ ಹಾದಿ ಹಿಡಿದರು, ಕೀನ್ಯಾ ಖಾಸಗಿ ಬಂಡವಾಳದ ಹಾದಿಯಲ್ಲಿತ್ತು. ಉಗಾಂಡಾದಲ್ಲಿ 1971ರಲ್ಲಿ ಇದಿ ಅಮೀನ್ ಅಧಿಕಾರ ಕಸಿದ. 1977ರಲ್ಲಿ ಸಮುದಾಯ ಒಡೆಯಿತು. ತಾಂಜಾನಿಯಾ ಕೀನ್ಯಾದೊಡನೆ ಗಡಿ ಮುಚ್ಚಿತು. ಅದು ತೆರೆದದ್ದು 1983ರ ನವೆಂಬರಿನಲ್ಲಿ.

ತಾಮ್ರದ ದಾರಿ

ಉತ್ತರದ ಬಾಗಿಲು ಹಾಕಿಕೊಳ್ಳುವ ಮೊದಲೇ ದಕ್ಷಿಣದಲ್ಲಿ ದೊಡ್ಡ ಬಾಗಿಲೊಂದು ತೆರೆದಿತ್ತು. 1965ರ ನವೆಂಬರ್ 11ರಂದು ರೊಡೇಷಿಯಾದ ಬಿಳಿಯರ ಸರ್ಕಾರ ಏಕಪಕ್ಷೀಯವಾಗಿ ಸ್ವಾತಂತ್ರ್ಯ ಸಾರಿತು. ಜಾಂಬಿಯಾದ ತಾಮ್ರ ಅಲ್ಲಿಯವರೆಗೆ ಬಹುಪಾಲು ರೊಡೇಷಿಯಾದ ಹಳಿಗಳ ಮೇಲೆ ಕಡಲಿಗೆ ಹೋಗುತ್ತಿತ್ತು. ಜನಾಂಗ ದ್ವೇಷದ ಆಡಳಿತದ ಕೃಪೆಯಲ್ಲಿ ಬದುಕಲು ಜಾಂಬಿಯಾದ ಅಧ್ಯಕ್ಷ ಕೆನೆತ್ ಕೌಂಡಾ ಒಪ್ಪಲಿಲ್ಲ. ಲಾರಿಗಳು ಕೆಸರಿನ ಹಾದಿಯಲ್ಲಿ ದಾರ್ ಎಸ್ ಸಲಾಮ್ ಕಡೆ ತಿರುಗಿದವು. 1968ರಲ್ಲಿ ಸುಮಾರು 1,700 ಕಿಲೋಮೀಟರ್ ಉದ್ದದ ತೈಲ ಕೊಳವೆ ಸಿದ್ಧವಾಯಿತು.

ಇದೇ ದಾರಿಯಲ್ಲಿ ಹಾಕಬೇಕಿದ್ದ ರೈಲುಮಾರ್ಗಕ್ಕೆ ಹಣ ಕೊಡಲು ಪಶ್ಚಿಮದ ದೇಶಗಳೂ ವಿಶ್ವಬ್ಯಾಂಕೂ ಒಪ್ಪಲಿಲ್ಲ. ಲಾಭ ಬರುವುದಿಲ್ಲ ಎಂಬುದು ಅವರ ಲೆಕ್ಕ. ಚೀನಾ ಒಪ್ಪಿತು. ಬಡ್ಡಿಯಿಲ್ಲದ ಸುಮಾರು 99 ಕೋಟಿ ಯುವಾನ್ ಸಾಲದಲ್ಲಿ 1970ರಿಂದ 1975ರೊಳಗೆ 1,860 ಕಿಲೋಮೀಟರಿನ ತಜಾರಾ ಮಾರ್ಗ ಜಾಂಬಿಯಾದ ಕಪಿರಿ ಮ್ಪೋಶಿವರೆಗೆ ಮುಗಿಯಿತು. 1976ರ ಜುಲೈಯಲ್ಲಿ ಹಸ್ತಾಂತರವಾಯಿತು. ಆಫ್ರಿಕಾದ ಕಾರ್ಮಿಕರ ಜೊತೆ ಚೀನೀ ಕಾರ್ಮಿಕರೂ ಅದರ ಸುರಂಗ, ಸೇತುವೆಗಳಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ.

ಇಲ್ಲೊಂದು ಸಣ್ಣ ಅಳತೆಯನ್ನು ಹತ್ತಿರದಿಂದ ನೋಡಬೇಕು. ಜರ್ಮನರು ಹಾಕಿದ ಮಧ್ಯ ಮಾರ್ಗದ ಹಳಿಗಳ ನಡುವಿನ ಅಂತರ 1,000 ಮಿಲಿಮೀಟರ್. ದಕ್ಷಿಣ ಆಫ್ರಿಕಾದ ಅಳತೆಗೆ ಹೊಂದಬೇಕಿದ್ದ ತಜಾರಾದ ಅಂತರ 1,067. ವ್ಯತ್ಯಾಸ ಹೆಚ್ಚೆಂದರೆ ನಾಲ್ಕು ಬೆರಳಿನಗಲ. ಆ ನಾಲ್ಕು ಬೆರಳಿನಿಂದಾಗಿ ಒಂದೇ ಊರಿನಿಂದ ಹೊರಡುವ ಎರಡು ರೈಲುಗಳ ಗಾಡಿ ಒಂದರ ಹಳಿಯಿಂದ ಇನ್ನೊಂದಕ್ಕೆ ಹೋಗಲಾರದು. ನಿಲ್ದಾಣಗಳೂ ಬೇರೆ. ಯಾರ ಒಳನಾಡನ್ನು ಯಾರು ಹಿಡಿದಿದ್ದರು ಎಂಬುದು ಕಬ್ಬಿಣದಲ್ಲೇ ಬರೆದಂತಿದೆ.

ಒಳನಾಡಿನ ಋಣ ಶಾಶ್ವತವಲ್ಲ ಎಂಬುದೂ ಬೇಗನೆ ಸಾಬೀತಾಯಿತು. ದಾರ್ ಎಸ್ ಸಲಾಮ್‌ನಲ್ಲಿ ಸರಕು ರಾಶಿಬಿದ್ದು, ರಸಗೊಬ್ಬರ ಬಿತ್ತನೆಯ ಹೊತ್ತಿಗೆ ಬರುವ ಭರವಸೆ ಇಲ್ಲವಾದಾಗ, 1978ರ ಅಕ್ಟೋಬರಿನಲ್ಲಿ ಕೌಂಡಾ ದಕ್ಷಿಣದ ದಾರಿಯನ್ನು ಮತ್ತೆ ತೆರೆಯಬೇಕಾಯಿತು. ರಾಜಕೀಯ ಸ್ನೇಹ ಎಷ್ಟೇ ಗಾಢವಾಗಿದ್ದರೂ ರೈತನ ಹೊಲ ಕಾಯುವುದಿಲ್ಲ.

ಹೊಸ ಶತಮಾನದ ಓಟ

2000ದಲ್ಲಿ ಪೂರ್ವ ಆಫ್ರಿಕಾ ಸಮುದಾಯ ಮರುಹುಟ್ಟು ಪಡೆಯಿತು. ಪೈಪೋಟಿಯೂ ಅದರ ಜೊತೆಗೇ ಬೆಳೆಯಿತು. 2007ರ ಚುನಾವಣೆಯ ನಂತರ ಕೀನ್ಯಾದಲ್ಲಿ ಹಿಂಸೆ ಭುಗಿಲೆದ್ದು ರಸ್ತೆ, ರೈಲು ನಿಂತಾಗ ಉಗಾಂಡಾ, ರುವಾಂಡಾಗಳಲ್ಲಿ ಪೆಟ್ರೋಲಿಗೆ ಹಾಹಾಕಾರವಾಯಿತು. ಒಂದೇ ಬಾಗಿಲನ್ನು ನಂಬಿದರೆ ಏನಾಗುತ್ತದೆ ಎಂಬ ಪಾಠ ಒಳನಾಡಿಗೆ ಅಂದು ಸಿಕ್ಕಿತು.

2013ರಲ್ಲಿ ಕೀನ್ಯಾ, ಉಗಾಂಡಾ, ರುವಾಂಡಾ ಸೇರಿ ಉತ್ತರದ ಮಾರ್ಗದ ಯೋಜನೆಗಳಿಗೆ ಕೈಹಾಕಿದವು. ತಾಂಜಾನಿಯಾ ತನ್ನನ್ನು ದೂರವಿಟ್ಟರೆಂದು ನೊಂದುಕೊಂಡಿತು. ಮೂರೇ ವರ್ಷದಲ್ಲಿ ಗಾಳಿ ತಿರುಗಿತು. 2016ರ ಏಪ್ರಿಲ್‌ನಲ್ಲಿ ಉಗಾಂಡಾ ತನ್ನ ಕಚ್ಚಾತೈಲದ ಕೊಳವೆಯನ್ನು ಕೀನ್ಯಾದ ಬದಲು ತಾಂಜಾನಿಯಾದ ಟಾಂಗಾ ಬಂದರಿಗೆ ಒಯ್ಯಲು ನಿರ್ಧರಿಸಿತು. ಅದರ ಉದ್ದ 1,443 ಕಿಲೋಮೀಟರ್. 2017ರಲ್ಲಿ ಚೀನೀ ಸಾಲದಿಂದ ಕಟ್ಟಿದ ಮೊಂಬಾಸಾ–ನೈರೋಬಿ ರೈಲು ಓಡಿತು. 2019ರಲ್ಲಿ ಅದು ನೈವಾಶಾವರೆಗೆ ಹೋಗಿ ನಿಂತಿತು, ಉಗಾಂಡಾ ಗಡಿ ಮುಟ್ಟಲಿಲ್ಲ. ತಾಂಜಾನಿಯಾ ವಿದ್ಯುತ್ ರೈಲಿನ ಹೊಸ ಮಾರ್ಗ ಹಾಕಿ 2024ರಲ್ಲಿ ದಾರ್ ಎಸ್ ಸಲಾಮ್‌ನಿಂದ ರಾಜಧಾನಿ ದೊಡೊಮಾಕ್ಕೆ ಸಂಚಾರ ಆರಂಭಿಸಿತು. ಎರಡೂ ಹೊಸ ಹಳಿಗಳ ಅಳತೆ ಈ ಬಾರಿ ಒಂದೇ, 1,435 ಮಿಲಿಮೀಟರ್. ಆದರೆ ಅವು ಎಲ್ಲಿಯೂ ಪರಸ್ಪರ ಕೂಡುವುದಿಲ್ಲ.

ದಕ್ಕೆಗಳ ಆಡಳಿತವೂ ಬದಲಾಯಿತು. 2023ರಲ್ಲಿ ದಾರ್ ಎಸ್ ಸಲಾಮ್ ಬಂದರಿನ ಒಂದು ಭಾಗವನ್ನು 30 ವರ್ಷಗಳಿಗೆ ದುಬೈನ ಡಿಪಿ ವರ್ಲ್ಡ್ ಕಂಪನಿಗೆ ವಹಿಸಲಾಯಿತು. ದೇಶದೊಳಗೆ ಅದಕ್ಕೆ ಗಟ್ಟಿ ವಿರೋಧ ಎದ್ದಿತ್ತು. 2024ರಲ್ಲಿ ಎರಡನೆಯ ಕಂಟೇನರ್ ಟರ್ಮಿನಲ್ ಭಾರತದ ಅದಾನಿ ಪೋರ್ಟ್ಸ್ ಕೈಗೆ ಬಂತು. ಅದೇ ವರ್ಷ ತಜಾರಾದ ಪುನರುಜ್ಜೀವನಕ್ಕೆ ಬೀಜಿಂಗ್‌ನಲ್ಲಿ ಸಹಿ ಬಿತ್ತು. ಇತ್ತ ಅಂಗೋಲಾದ ಲೊಬಿಟೊ ಮಾರ್ಗಕ್ಕೆ ಅಮೆರಿಕ ಬೆಂಬಲ ಕೊಟ್ಟಿದೆ. ಕಾಂಗೊ ಮತ್ತು ಜಾಂಬಿಯಾದ ತಾಮ್ರ ಇನ್ನು ಅಟ್ಲಾಂಟಿಕ್ ಕಡೆಗೂ ಹೊರಳಬಹುದು. ಸರಕಿನ ಒಟ್ಟು ಪ್ರಮಾಣದಲ್ಲಿ ಮೊಂಬಾಸಾ ಈಗಲೂ ಮುಂದಿದೆ.

ಕರಿಯಾಕೂ: ಭರವಸೆಯ ಇನ್ನೊಂದು ಮುಖ

ನಗರದ ಸಿರಿ ಜನರಿಗೆ ಹೇಗೆ ತಲುಪುತ್ತದೆ ಎಂದು ತಿಳಿಯಲು ಕರಿಯಾಕೂ ಮಾರುಕಟ್ಟೆಗೆ ಹೋಗಬೇಕು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಹೊರೆ ಹೊತ್ತ ಆಫ್ರಿಕನ್ನರ ‘ಕ್ಯಾರಿಯರ್ ಕೋರ್’ ಎಂಬ ಪಡೆಯ ಬಿಡಾರ ಅಲ್ಲಿತ್ತು. ಜನರ ಬಾಯಲ್ಲಿ ಆ ಇಂಗ್ಲಿಷ್ ಹೆಸರೇ ಕರಿಯಾಕೂ ಆಯಿತು. ಹೊರೆಯಾಳುಗಳ ಹೆಸರು ಹೊತ್ತ ಆ ಜಾಗದಲ್ಲಿ ಇಂದಿಗೂ ಕೈಗಾಡಿ ತಳ್ಳುವವರು ಬಟ್ಟೆಯ ಮೂಟೆ, ಪಾತ್ರೆ, ಮೊಬೈಲ್ ಪೆಟ್ಟಿಗೆಗಳನ್ನು ಗಲ್ಲಿಗಲ್ಲಿಗೆ ಸಾಗಿಸುತ್ತಾರೆ. ಜಾಂಬಿಯಾ, ಮಲಾವಿ, ಕಾಂಗೊಗಳಿಂದ ಬಂದ ವ್ಯಾಪಾರಿಗಳು ಸಗಟು ಕೊಂಡು ಬಸ್ಸಿಗೆ ಹಾಕಿಕೊಂಡು ಹೋಗುತ್ತಾರೆ. ದೊಡ್ಡ ಯೋಜನೆಗಳ ಪಟ್ಟಿಯಲ್ಲಿ ಕಾಣದ ಈ ಚಿಲ್ಲರೆ ದಾರಿಯೇ ಸಾವಿರಾರು ಮನೆಗಳ ಅನ್ನ. 2023ರ ಮೇ ತಿಂಗಳಲ್ಲಿ ತೆರಿಗೆಯ ಕಿರುಕುಳ ತಾಳದೆ ಇಲ್ಲಿನ ವರ್ತಕರು ಅಂಗಡಿ ಮುಚ್ಚಿ ಪ್ರತಿಭಟಿಸಿದರು.

ಅಲ್ಲಿಂದ ತುಸು ದೂರದಲ್ಲಿ ಮ್ಸಿಂಬಾಜಿ ನದಿಯ ತಗ್ಗು. ಮಳೆ ಜೋರಾದರೆ ಅಲ್ಲಿನ ಮನೆಗಳಿಗೆ ನೀರು ನುಗ್ಗುತ್ತದೆ. 2016ರಲ್ಲಿ ಹೆಮ್ಮೆಯಿಂದ ಆರಂಭಿಸಿದ ಕ್ಷಿಪ್ರ ಬಸ್ ಸೇವೆಯ ಡಿಪೊ ಕೂಡ ಇದೇ ತಗ್ಗಿನ ಜಂಗ್ವಾನಿಯಲ್ಲಿದ್ದು ಮತ್ತೆ ಮತ್ತೆ ಮುಳುಗಿದೆ. ನಗರದ ಬಹುಪಾಲು ಜನ ಯೋಜನೆಯಿಲ್ಲದೆ ಬೆಳೆದ ಬಡಾವಣೆಗಳಲ್ಲೇ ಇದ್ದಾರೆ. ಊರಿನವರು ತಮ್ಮ ನಗರವನ್ನು ಪ್ರೀತಿಯಿಂದ ‘ಬೊಂಗೊ’ ಎನ್ನುತ್ತಾರೆ. ಸ್ವಾಹಿಲಿಯಲ್ಲಿ ಅದರ ಮೂಲ ಮಿದುಳು. ಬುದ್ಧಿ ಓಡಿಸದಿದ್ದರೆ ಇಲ್ಲಿ ಹೊಟ್ಟೆ ತುಂಬದು ಎಂಬ ಅನುಭವ ಆ ಒಂದು ಪದದಲ್ಲಿದೆ.

ಸಮಾರೋಪ

ಬಗಮೊಯೊದಿಂದ ಲೊಬಿಟೊವರೆಗಿನ ಈ ಅವಲೋಕನದಿಂದ ಎರಡು ನಿರ್ಣಯಗಳು ಹೊರಡುತ್ತವೆ. ಮೊದಲನೆಯದು, ದಾರ್ ಎಸ್ ಸಲಾಮ್‌ನ ಏಳಿಗೆಯ ಘಟ್ಟಗಳು ಬಹುಮಟ್ಟಿಗೆ ಬೇರೆಲ್ಲೋ ಒಂದು ದಾರಿ ಮುಚ್ಚಿದಾಗ ಬಂದಿವೆ. ರೊಡೇಷಿಯಾದ ಬಿಕ್ಕಟ್ಟು ತಾಮ್ರ ತಂದಿತು, ಕೀನ್ಯಾದ ಗಲಭೆ ಒಳನಾಡಿನ ಕಣ್ಣನ್ನು ಇತ್ತ ತಿರುಗಿಸಿತು. ಹಾಗೆ ಬಂದ ಸರಕನ್ನು ಉಳಿಸಿಕೊಳ್ಳಲು ನೆರೆಯವರ ಕಷ್ಟ ಸಾಲದು. ಸಮಯಕ್ಕೆ ಹಡಗು, ನ್ಯಾಯವಾದ ಸುಂಕ, ತೆರೆದ ಗಡಿ ಬೇಕು. 1978ರ ಪಾಠ ಇದೇ. ಎರಡನೆಯದು, ಬಂದರುಗಳ ಪೈಪೋಟಿಯನ್ನು ವಿಪತ್ತೆಂದು ಕಾಣಬೇಕಾಗಿಲ್ಲ. ಸಮುದ್ರವಿಲ್ಲದ ದೇಶದ ರೈತನಿಗೆ ಎರಡು ಬಾಗಿಲಿರುವುದು ಅವನ ಬಲ. ಆದರೆ ಬಂದರಿನ ಗಳಿಕೆಯಲ್ಲಿ ಒಂದು ಪಾಲು ಮ್ಸಿಂಬಾಜಿಯ ತಗ್ಗಿಗೂ ಕರಿಯಾಕೂವಿನ ಗಲ್ಲಿಗೂ ಮರಳಬೇಕು. 1947ರಲ್ಲಿ ಎರಡೂ ಬಂದರುಗಳ ದುಡಿಯುವವರು ಕೇಳಿದ್ದು ಆ ಪಾಲನ್ನೇ. ಅದು ಅವರಿಗೆ ಇನ್ನೂ ಪೂರ್ತಿ ಸಂದಿಲ್ಲ.