ಉದ್ಘೋಷಕರ ಕಸುಬು

ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ವಾಚಕರೇ, ತಮ್ಮ ಮನೆಯ ರೇಡಿಯೋದಲ್ಲಿ ನುಡಿಯುವ ಉದ್ಘೋಷಕರ ಕಸುಬಿಗೆ ಕನ್ನಡನಾಡಿನಲ್ಲಿ ಅಡಿಗಲ್ಲು ಬಿದ್ದುದು ಓರ್ವ ಅಧ್ಯಾಪಕರ ಮನೆಯಲ್ಲಿ. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ‘ವಿಠ್ಠಲ ವಿಹಾರ’ದಲ್ಲಿ 30 ವ್ಯಾಟ್ ಶಕ್ತಿಯ ಯಂತ್ರವನ್ನಿಟ್ಟು ಪ್ರಸಾರ ತೊಡಗಿದರು. ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಾಯಿತು. ಇತಿಹಾಸದ ಪಾಠ ಹೇಳುತ್ತಿದ್ದ ನಾ. ಕಸ್ತೂರಿಯವರು ಅವರೊಡನೆ ಕೈಗೂಡಿಸಿದರು. ಕಸ್ತೂರಿಯವರು ಕೇರಳದಲ್ಲಿ ಹುಟ್ಟಿ, ಮೈಸೂರಿಗೆ ಬಂದ ಮೇಲೆ ಕನ್ನಡ ಕಲಿತವರು! ಮನೆಯಲ್ಲಿ ತುಳುವಾಡುವ ನಮ್ಮ ಮಕ್ಕಳು ಇದನ್ನು ಗಮನಿಸಬೇಕು.

ಆ ನಿಲಯ 1955ರಲ್ಲಿ ಬೆಂಗಳೂರಿಗೆ ಹೋಯಿತು. ನಮಗೆ ಮಂಗಳೂರು ನಿಲಯ ದೊರೆತುದು 1976ರ ಡಿಸೆಂಬರ್ 11ರಂದು. ತುಳುವಿಗೂ ಬಾನಿನಲ್ಲಿ ಠಾವಾಯಿತು.

ತಾಳಮದ್ದಲೆಯ ಅರ್ಥಧಾರಿಯ ನಾಲಗೆ ಪಳಗಿರುತ್ತದೆ, ದಿಟ. ಆದರೆ ಅಲ್ಲಿ ರಾತ್ರಿಯಿಡೀ ಹೊತ್ತುಂಟು; ಇಲ್ಲಿ ಗಡಿಯಾರದ ಮುಳ್ಳು ಕಾದಿದೆ, ಎದುರಿಗೆ ಸಭೆಯೂ ಇಲ್ಲ. (ಮಹಾಪ್ರಾಣ ತಪ್ಪಿದರಂತೂ ನನ್ನಂಥ ಪಂಡಿತನಿಗೆ ಕಾಫಿ ರುಚಿಸದು.) ಈ ದಾರಿ ಹಿಡಿದವರು ಧ್ವನಿಪರೀಕ್ಷೆಯನ್ನು ದಾಟಬೇಕು. ದಾಟಿದರೂ ಹಲವರಿಗೆ ದೊರೆಯುವುದು ತಿಂಗಳಲ್ಲಿ ಕೆಲವೇ ದಿನಗಳ ತಾತ್ಕಾಲಿಕ ಪಾಳಿ. ಉಳಿದ ದಿನಗಳಿಗೆ ಅವರು ಬೇರೊಂದು ಉದ್ಯೋಗ ನೋಡಿಕೊಳ್ಳಲೇಬೇಕು.